38 ನಿಮಿಷ: ಅನುಮಾನ ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸೋ ಒಂದು ಹಳೇ ಕಾಮಿಡಿ

ಕನ್ನಡದಲ್ಲಿ ‘ಅನುಮಾನ’ ಅನ್ನೋ ಪದಕ್ಕೆ ಎರಡು ಅರ್ಥ ಇದೆ. ದಿನಾ ಮಾತಾಡುವಾಗ ಅನುಮಾನ ಅಂದ್ರೆ ಸಂಶಯ, ಡೌಟು. ಆದ್ರೆ ನಮ್ಮ ಹಳೇ ತರ್ಕಶಾಸ್ತ್ರದಲ್ಲಿ, ಅದರಲ್ಲೂ ನ್ಯಾಯ ದರ್ಶನದಲ್ಲಿ, ಅನುಮಾನ ಅಂದ್ರೆ ಕಣ್ಣಿಗೆ ಕಂಡ ಗುರುತಿನಿಂದ ಕಾಣದೇ ಇರೋ ವಿಷಯವನ್ನ ತಿಳ್ಕೊಳ್ಳೋ ವಿಧಾನ. ಬೆಟ್ಟದ ಮೇಲೆ ಹೊಗೆ ಕಾಣ್ತಿದೆ, ಹಾಗಾದ್ರೆ ಅಲ್ಲಿ ಬೆಂಕಿ ಇದೆ. ನಾವು ಮೆಷಿನ್ ಲರ್ನಿಂಗ್ ಕ್ಲಾಸಲ್ಲಿ ಇನ್‌ಫರೆನ್ಸ್ ಅಂತ ಕರೆಯೋದು ಹೆಚ್ಚೂ ಕಡಿಮೆ ಇದನ್ನೇ. ಅವರು ಇದಕ್ಕೆ ರೂಲ್ಸ್ ಕೂಡ ಮಾಡಿದ್ರು. ಹೊಗೆ ಥರ ಕಾಣೋದೆಲ್ಲ ಹೊಗೆ ಅಲ್ಲ, ಮಂಜೂ ಇರಬಹುದು, ಧೂಳೂ ಇರಬಹುದು. ತಪ್ಪು ಗುರುತನ್ನ ಕಾರಣ ಅಂತ ಹಿಡ್ಕೊಂಡ್ರೆ ಅದಕ್ಕೆ ‘ಹೇತ್ವಾಭಾಸ’ ಅಂತ ಹೆಸರು.

ಒಂದೇ ಪದ ನೋಡಿ. ಒಂದು ಕಡೆ ಸರಿಯಾಗಿ ಯೋಚಿಸೋ ವಿಧಾನ, ಇನ್ನೊಂದು ಕಡೆ ಮನೆ ಮುರಿಯೋ ಕಾಯಿಲೆ. ಮೊದಲನೇದು ಎರಡನೇದಾಗಿ ಹೇಗೆ ಬದಲಾಗುತ್ತೆ? ಇದನ್ನ ನಗಿಸ್ತಾ ನಗಿಸ್ತಾ ವಿವರಿಸೋ ಒಂದು ಸಿನಿಮಾ ಇದೆ. ಹೆಸರು ‘ಅನ್‌ಫೇತ್‌ಫುಲಿ ಯುವರ್ಸ್’, 1948ರ ಅಮೆರಿಕನ್ ಕಪ್ಪು-ಬಿಳುಪು ಚಿತ್ರ. ಹೆಸರಲ್ಲೇ ತಮಾಷೆ ಇದೆ. ಇಂಗ್ಲಿಷ್ ಪತ್ರದ ಕೊನೆಗೆ ‘ಯುವರ್ಸ್ ಫೇತ್‌ಫುಲಿ’ ಅಂತ ಬರೀತಾರಲ್ಲ, ನಮ್ಮ ರಜಾ ಅರ್ಜಿಯಲ್ಲಿ ‘ಇಂತಿ ತಮ್ಮ ವಿಧೇಯ’ ಇದ್ದ ಹಾಗೆ, ಅದನ್ನ ತಿರುಗಿಸಿ ‘ಇಂತಿ ನಿಮ್ಮ ವಂಚಕಿ’ ಅಂದ ಹಾಗೆ.

ಒಂದು ಎಚ್ಚರಿಕೆ: ಈ ಲೇಖನದಲ್ಲಿ ಕಥೆ ಪೂರ್ತಿ ಹೇಳ್ತೀನಿ, ಕೊನೆಯೂ ಸೇರಿ. ಕೊನೆ ಹೇಳದೆ ಇದ್ರೆ ನಾನು ಹೇಳಬೇಕಾದ ವಿಷಯವೇ ಉಳಿಯಲ್ಲ.

ಸಿನಿಮಾ ಮಾಡಿದವರು

ಕಥೆ, ನಿರ್ದೇಶನ, ನಿರ್ಮಾಣ ಮೂರೂ ಪ್ರೆಸ್ಟನ್ ಸ್ಟರ್ಜಸ್ (1898–1959) ಅವರದ್ದು. ಹಾಲಿವುಡ್‌ನಲ್ಲಿ ತಾವೇ ಬರೆದು ತಾವೇ ನಿರ್ದೇಶನ ಮಾಡೋ ದಾರಿ ತೆರೆದವರಲ್ಲಿ ಇವರು ಮುಖ್ಯರು. ಮೊದಲ ಸಲ ನಿರ್ದೇಶನ ಸಿಗಲಿ ಅಂತ ‘ದ ಗ್ರೇಟ್ ಮೆಕ್‌ಗಿಂಟಿ’ ಕಥೆಯನ್ನ ಪ್ಯಾರಾಮೌಂಟ್ ಸ್ಟುಡಿಯೋಗೆ ಬರೀ 10 ಡಾಲರ್‌ಗೆ ಕೊಟ್ರು. 1940ರಲ್ಲಿ ಬಂದ ಆ ಚಿತ್ರದ ಚಿತ್ರಕಥೆಗೇ ಆಸ್ಕರ್ ಬಂತು. ನಮಗೆ ಖುಷಿ ಕೊಡೋ ಇನ್ನೊಂದು ವಿಷಯ ಇದೆ. ಇವರಿಗೆ ಯಂತ್ರಗಳ ಹುಚ್ಚು. ‘ಸ್ಟರ್ಜಸ್ ಎಂಜಿನಿಯರಿಂಗ್ ಕಂಪನಿ’ ಅಂತ ಶುರು ಮಾಡಿ ಡೀಸೆಲ್ ಎಂಜಿನ್ ಮಾಡಿಸ್ತಿದ್ರು. ಅದಕ್ಕೂ ಮುಂಚೆ, ಅಮ್ಮನ ಸೌಂದರ್ಯವರ್ಧಕಗಳ ಅಂಗಡಿಯಲ್ಲಿದ್ದಾಗ, ಮುತ್ತು ಕೊಟ್ರೂ ಅಳಿಯದ ಲಿಪ್‌ಸ್ಟಿಕ್ ಕಂಡುಹಿಡಿದಿದ್ರು. ಇವರ ಕಾಮಿಡಿಯಲ್ಲಿ ಒಂದು ಯಂತ್ರ ಹಠ ಮಾಡಿದ್ರೆ ಅದು ಸುಮ್ನೆ ಗಾಳಿಯಲ್ಲಿ ಬಂದ ಜೋಕ್ ಅಲ್ಲ.

ಈ ಕಥೆಯ ಐಡಿಯಾ ಬಂದಿದ್ದು 1930ರ ದಶಕದ ಶುರುವಿನಲ್ಲಿ. ಸ್ಟರ್ಜಸ್ ಒಂದು ತಮಾಷೆ ಸೀನ್ ಬರೀತಿದ್ದಾಗ ರೇಡಿಯೋದಲ್ಲಿ ದುಃಖದ ಹಾಡು ಬರ್ತಿತ್ತು. ಬರವಣಿಗೆಯೂ ಅದರ ಹಿಂದೆ ಹೋಗ್ತಿರೋದು ಅವರ ಗಮನಕ್ಕೆ ಬಂತು. ಸೀನ್ ಅದೇ, ಪಾತ್ರಗಳು ಅವೇ, ಹಾಡು ಬದಲಾದ್ರೆ ಕಥೆ ಬದಲಾಗುತ್ತೆ. ನಾವು ಇಯರ್‌ಫೋನ್ ಹಾಕ್ಕೊಂಡು ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಕೂತಾಗ ಆಗೋದೂ ಇದೇ ಅಲ್ವಾ? ಬ್ರೇಕಪ್ ಆಗದೇ ಇದ್ರೂ ಬ್ರೇಕಪ್ ಫೀಲಿಂಗ್ ಬರುತ್ತೆ.

ಕಥೆ

ಸರ್ ಆಲ್ಫ್ರೆಡ್ ದ ಕಾರ್ಟರ್ ದೊಡ್ಡ ಹೆಸರಿನ ಇಂಗ್ಲಿಷ್ ಆರ್ಕೆಸ್ಟ್ರಾ ಕಂಡಕ್ಟರ್. ಕಂಡಕ್ಟರ್ ಅಂದ್ರೆ ಟಿಕೆಟ್ ಕೊಡೋರಲ್ಲ, ಕೋಲು ಹಿಡಿದು ಇಡೀ ವಾದ್ಯವೃಂದವನ್ನ ನಡೆಸೋರು. ಈ ಪಾತ್ರ ಮಾಡಿದ್ದು ರೆಕ್ಸ್ ಹ್ಯಾರಿಸನ್, ಮುಂದೆ ‘ಮೈ ಫೇರ್ ಲೇಡಿ’ಗೆ ಆಸ್ಕರ್ ತಗೊಂಡವರು. ಆಲ್ಫ್ರೆಡ್‌ಗೆ ತನಗಿಂತ ತುಂಬಾ ಚಿಕ್ಕವಳಾದ ಹೆಂಡತಿ, ಡ್ಯಾಫ್ನಿ. ಈ ಪಾತ್ರದಲ್ಲಿ ಲಿಂಡಾ ಡಾರ್ನೆಲ್. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರಾಣ.

ಆಲ್ಫ್ರೆಡ್ ಇಂಗ್ಲೆಂಡಿಗೆ ಹೋಗಿ ವಾಪಸ್ ಬರ್ತಾನೆ. ಹೋಗುವಾಗ ತನ್ನ ಷಡ್ಡಕ ಆಗಸ್ಟ್‌ಗೆ, ಅಂದ್ರೆ ಡ್ಯಾಫ್ನಿಯ ತಂಗಿ ಬಾರ್ಬರಾಳ ಗಂಡನಿಗೆ, ‘ನನ್ನ ಹೆಂಡತಿ ಕಡೆ ಸ್ವಲ್ಪ ನೋಡ್ಕೊಂಡಿರಪ್ಪಾ’ ಅನ್ನೋ ಅರ್ಥದಲ್ಲಿ ಏನೋ ಹೇಳಿರ್ತಾನೆ. ಬೇಜಾರಾದ್ರೆ ವಿಚಾರಿಸ್ಕೋ, ಏನಾದ್ರೂ ಬೇಕಾದ್ರೆ ಕೊಡ್ಸು, ಅಷ್ಟೇ ಅವನ ತಲೆಯಲ್ಲಿದ್ದಿದ್ದು. ಆಗಸ್ಟ್ ಬಹಳ ಶ್ರೀಮಂತ, ಬಹಳ ನೀರಸ ಮನುಷ್ಯ. ಅವನು ಆ ಮಾತನ್ನ ಅಕ್ಷರಶಃ ತಗೊಂಡು ಪ್ರೈವೇಟ್ ಡಿಟೆಕ್ಟಿವ್ ಇಡಿಸಿಬಿಡ್ತಾನೆ. ಕ್ಲೈಂಟ್ ಹೇಳಿದ್ದು ಒಂದು, ಟೀಮ್ ಕಟ್ಟಿ ತಂದಿದ್ದು ಇನ್ನೊಂದು. ಸಾಫ್ಟ್‌ವೇರ್ ಎಂಜಿನಿಯರಿಂಗ್ ಪಾಠದ ಮೊದಲ ಚಾಪ್ಟರ್ ಇದು.

ಆಗಸ್ಟ್ ತಂದುಕೊಟ್ಟ ಡಿಟೆಕ್ಟಿವ್ ರಿಪೋರ್ಟ್ ನೋಡಿ ಆಲ್ಫ್ರೆಡ್ ಕೆಂಡಾಮಂಡಲ ಆಗ್ತಾನೆ. ಇಲ್ಲಿ ಒಂದು ವಿಷಯ ಗಮನಿಸಿ. ಅವನ ಸಿಟ್ಟು ಹೆಂಡತಿ ಮೇಲಲ್ಲ, ಗೂಢಚಾರಿಕೆ ಮಾಡಿಸಿದ ಆಗಸ್ಟ್ ಮೇಲೆ. ರಿಪೋರ್ಟನ್ನ ಓದದೆ ಹರಿದು ಎಸೀತಾನೆ. ಅದು ಬಿಡಲ್ಲ. ಹೋಟೆಲಿನ ಕಾವಲುಗಾರ ಮಹಾಶಯ ಚೂರುಗಳನ್ನ ಜೋಡಿಸಿ ಅಂಟಿಸಿ ಭಕ್ತಿಯಿಂದ ತಂದುಕೊಡ್ತಾನೆ. ಸುಡೋಕೆ ಹೋದ್ರೆ ಸುತ್ತ ಬೆಂಕಿ ಹತ್ತಿಕೊಳ್ಳುತ್ತೆ. ಕೊನೆಗೆ ಉಳಿದ ಪ್ರತಿ ಇದ್ರೆ ನಾಶ ಮಾಡಿಸೋಣ ಅಂತ ಡಿಟೆಕ್ಟಿವ್ ಸ್ವೀನಿಯ ಆಫೀಸಿಗೇ ಹೋಗ್ತಾನೆ. ಸ್ವೀನಿ ಸಂಗೀತದ ಪರಮ ಅಭಿಮಾನಿ, ಆಲ್ಫ್ರೆಡ್‌ನ ಕಛೇರಿ ಅಂದ್ರೆ ಜೀವ. ಅಲ್ಲಿ ಬಾಯಿಗೆ ಬಾಯಿ ಬೆಳೆದು ಓದದೇ ಇದ್ದ ವಿಷಯ ಕಿವಿಗೆ ಬಿದ್ದುಬಿಡುತ್ತೆ. ಆಲ್ಫ್ರೆಡ್ ಊರಲ್ಲಿ ಇಲ್ಲದಾಗ ಒಂದು ರಾತ್ರಿ ಡ್ಯಾಫ್ನಿ, ಮಲಗೋ ಬಟ್ಟೆಯಲ್ಲೇ, ಟೋನಿಯ ಹೋಟೆಲ್ ರೂಮಿಗೆ ಹೋಗಿದ್ದಳು. ಟೋನಿ ಆಲ್ಫ್ರೆಡ್‌ನ ಸೆಕ್ರೆಟರಿ, ಚೆಲುವ, ಡ್ಯಾಫ್ನಿಯ ವಯಸ್ಸಿಗೆ ಹತ್ತಿರದವನು. ಅವಳು ಆ ರೂಮಲ್ಲಿ ಇದ್ದಿದ್ದು 38 ನಿಮಿಷ.

ಆಲ್ಫ್ರೆಡ್ ಹತ್ತಿರ ಈಗ ಇರೋ ಡೇಟಾ ಇಷ್ಟೇ: ಒಬ್ಬ ಹೆಣ್ಣು, ಒಂದು ರೂಮು, ಒಂದು ಸಂಖ್ಯೆ. ಆ ರಾತ್ರಿಯೇ ಅವನ ಕಾನ್ಸರ್ಟ್ ಇದೆ. ಹೆಂಡತಿ ಹತ್ರ ಮುಖ ಕೊಟ್ಟು ಮಾತಾಡಲ್ಲ, ಚುಚ್ಚಿ ಮಾತಾಡ್ತಾನೆ. ‘ಅವತ್ತು ರಾತ್ರಿ ಅಲ್ಲಿ ಯಾಕೆ ಹೋಗಿದ್ದೆ?’ ಅನ್ನೋ ಒಂದು ಪ್ರಶ್ನೆ ಮಾತ್ರ ಕೇಳಲ್ಲ. ಸೀದಾ ವೇದಿಕೆ ಹತ್ತಿ ಕೋಲು ಎತ್ತುತ್ತಾನೆ.

ಮೂರು ಸಂಗೀತ, ಮೂರು ಕಥೆ

ಇಲ್ಲಿಂದ ಮುಂದೆ ಸಿನಿಮಾ ತನ್ನ ಅಸಲಿ ಆಟ ತೋರಿಸುತ್ತೆ. ಕಾರ್ಯಕ್ರಮದಲ್ಲಿ ಮೂರು ಕೃತಿಗಳಿವೆ. ಪ್ರತಿ ಕೃತಿ ಶುರುವಾದಾಗ ಕ್ಯಾಮೆರಾ ಆಲ್ಫ್ರೆಡ್‌ನ ಮುಖಕ್ಕೆ ಹತ್ತಿರ ಹೋಗ್ತಾ ಹೋಗ್ತಾ ಅವನ ಕಣ್ಣಿನೊಳಗೇ ಇಳಿಯುತ್ತೆ. ಆಮೇಲೆ ನಾವು ನೋಡೋದು ಅವನ ತಲೆಯೊಳಗಿನ ಸಿನಿಮಾ. ಹಿನ್ನೆಲೆಯಲ್ಲಿ ಅವನೇ ನಡೆಸ್ತಿರೋ ಸಂಗೀತ ಹಾಗೇ ಓಡ್ತಿರುತ್ತೆ.

ಮೊದಲನೇದು ರೊಸ್ಸಿನಿಯ ‘ಸೆಮಿರಾಮಿಡೆ’ ಒಪೆರಾದ (1823) ಓವರ್ಚರ್. ರೊಸ್ಸಿನಿ ಒಂದು ಚಿಕ್ಕ ತುಣುಕನ್ನ ಮತ್ತೆ ಮತ್ತೆ ನುಡಿಸಿ, ಪ್ರತಿ ಸಲ ವಾದ್ಯಗಳನ್ನ ಸೇರಿಸ್ತಾ, ಸದ್ದು ಏರಿಸ್ತಾ ಹೋಗೋದಕ್ಕೆ ಹೆಸರುವಾಸಿ. ಲೂಪ್ ಒಳಗೆ ವೇರಿಯಬಲ್ ಹೆಚ್ಚಿಸಿದ ಹಾಗೆ, ಅಚ್ಚುಕಟ್ಟು, ಲವಲವಿಕೆ. ಆಲ್ಫ್ರೆಡ್‌ನ ತಲೆಯಲ್ಲೂ ಹಾಗೇ ಅಚ್ಚುಕಟ್ಟಾದ ಪ್ಲಾನ್ ಏಳುತ್ತೆ. ಅದು ಕೊಲೆ. ರೇಜರ್‌ನಿಂದ ಡ್ಯಾಫ್ನಿಯನ್ನ ಕೊಂದು, ಅದರ ಮೇಲೆ ಟೋನಿಯ ಬೆರಳಚ್ಚು ಇರೋ ಹಾಗೆ ಮಾಡಿ, ತನ್ನ ಧ್ವನಿಯನ್ನೇ ರೆಕಾರ್ಡ್ ಮಾಡಿ ವೇಗ ಹೆಚ್ಚಿಸಿ ಅವಳ ಕೂಗಿನ ಹಾಗೆ ಕೇಳಿಸಿ, ತಾನು ಬೇರೆ ಕಡೆ ಇದ್ದೆ ಅಂತ ಸಾಬೀತು ಮಾಡೋ ಪ್ಲಾನ್. ಎಲ್ಲವೂ ಗಡಿಯಾರದ ಹಾಗೆ ನಡೆಯುತ್ತೆ. ಕೋರ್ಟಲ್ಲಿ ಟೋನಿಗೆ ಶಿಕ್ಷೆ ಆಗುವಾಗ ಆಲ್ಫ್ರೆಡ್ ನಗ್ತಾನೆ. ಇನ್ನೊಂದು ವಿಷಯ ಗೊತ್ತಿದ್ರೆ ಈ ಸೀನ್ ಇನ್ನೂ ರುಚಿ: ಆ ಒಪೆರಾದ ಕಥೆಯೇ ಪ್ರಿಯಕರನ ಜೊತೆ ಸೇರಿ ಗಂಡನನ್ನ ಕೊಲ್ಲಿಸಿದ ಬ್ಯಾಬಿಲಾನಿನ ರಾಣಿಯದ್ದು.

ಎರಡನೇದು ವ್ಯಾಗ್ನರ್‌ನ ‘ತಾನ್‌ಹೊಯ್ಸರ್’ (1845). ಇದು ಪಾಪ, ಪಶ್ಚಾತ್ತಾಪ, ಬಿಡುಗಡೆಯ ಕಥೆ. ಸಂಗೀತವೂ ದೇವಸ್ಥಾನದ ಮೆಟ್ಟಿಲು ಹತ್ತಿದ ಹಾಗೆ ನಿಧಾನ, ಘನ. ಆಲ್ಫ್ರೆಡ್ ಈಗ ಮಹಾತ್ಮ ಆಗಿಬಿಡ್ತಾನೆ. ತಪ್ಪು ನಿನ್ನದಲ್ಲ, ವಯಸ್ಸಿನದ್ದು, ಹೋಗಿ ಸುಖವಾಗಿರಿ ಅಂತ ದೊಡ್ಡ ಮೊತ್ತದ ಚೆಕ್ ಬರೆದು ಕ್ಷಮಿಸ್ತಾನೆ. ಅವನ ಮುಖದ ಮೇಲಿನ ತ್ಯಾಗದ ಕಳೆ ನೋಡಿದ್ರೆ ನಗು ತಡ್ಕೊಳ್ಳೋಕೆ ಆಗಲ್ಲ.

ಮೂರನೇದು ಚೈಕೋವ್‌ಸ್ಕಿಯ ‘ಫ್ರಾನ್ಸೆಸ್ಕಾ ದ ರಿಮಿನಿ’ (1876). ಡಾಂಟೆಯ ‘ಇನ್‌ಫರ್ನೋ’ದಲ್ಲಿ ಬರೋ ಫ್ರಾನ್ಸೆಸ್ಕಾ, ಗಂಡನ ತಮ್ಮನನ್ನ ಪ್ರೀತಿಸಿ ಗಂಡನ ಕೈಯಲ್ಲಿ ಸತ್ತವಳು. ನರಕದ ಸುಂಟರಗಾಳಿಯೇ ಸಂಗೀತ ಆಗಿದೆ. ಆಲ್ಫ್ರೆಡ್ ಈಗ ಟೋನಿಯನ್ನ ಎದುರು ಕೂರಿಸಿ ರಷ್ಯನ್ ರೂಲೆಟ್ ಆಡ್ತಾನೆ. ರಿವಾಲ್ವರ್‌ನಲ್ಲಿ ಒಂದೇ ಗುಂಡು, ಸರದಿ ಪ್ರಕಾರ ತಲೆಗೆ ಇಟ್ಟು ಕುದುರೆ ಎಳೆಯೋ ಆಟ. ಗುಂಡು ಹಾರೋದು ಅವನ ತಲೆಗೇ.

ಈಗ ಎಂಜಿನಿಯರ್ ಕಣ್ಣಲ್ಲಿ ನೋಡಿ. ಇನ್‌ಪುಟ್ ಒಂದೇ, 38 ನಿಮಿಷ. ಔಟ್‌ಪುಟ್ ಮೂರು: ಕೊಲೆ, ಕ್ಷಮೆ, ಸಾವು. ಬದಲಾಗಿದ್ದು ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಮಾತ್ರ. ತೀರ್ಮಾನ ಬಂದಿದ್ದು ಡೇಟಾದಿಂದ ಅಲ್ಲ, ಮೂಡ್‌ನಿಂದ. ಇನ್ನೊಂದು ಇದೆ, ಅದು ಬೇಗ ಕಣ್ಣಿಗೆ ಬೀಳಲ್ಲ. ಮೂರು ಕಥೆಗಳಲ್ಲೂ ಒಂದು ಊಹೆ ಹಾಗೇ ಉಳಿದಿದೆ: ಅವಳು ತಪ್ಪು ಮಾಡಿದ್ದಾಳೆ. ಕ್ಷಮಿಸೋ ಕಥೆಯಲ್ಲೂ ಅಷ್ಟೇ. ಅಪರಾಧ ಸಾಬೀತಾಗದೇ ಕ್ಷಮಿಸೋದು ದೊಡ್ಡತನ ಅಲ್ಲ, ಅದೂ ಒಂದು ತೀರ್ಪೇ. ‘ನಾನು ಬೇಕಾದಷ್ಟು ಯೋಚನೆ ಮಾಡಿ ನೋಡಿದೆ’ ಅಂತ ಅನುಮಾನ ಇರೋರು ಹೇಳ್ತಾರಲ್ಲ, ಅವರು ಸುಳ್ಳು ಹೇಳ್ತಿಲ್ಲ. ತುಂಬಾನೇ ಯೋಚಿಸಿರ್ತಾರೆ. ಆದ್ರೆ ಪರೀಕ್ಷೆ ಮಾಡಬೇಕಾದ ಆ ಒಂದು ಊಹೆಯನ್ನ ಮಾತ್ರ ಮುಟ್ಟಿರಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಗಾದೆ ಇರೋದು ಇದಕ್ಕೇ.

ಸಿಮ್ಯುಲೇಶನ್ ಪಾಸ್, ಲ್ಯಾಬಲ್ಲಿ ಫೇಲ್

ಕಾನ್ಸರ್ಟ್ ಭಾರಿ ಯಶಸ್ಸು. ಸಿಟ್ಟಲ್ಲಿ ನುಡಿಸಿದ್ದಕ್ಕೋ ಏನೋ, ಜನ ಹುಚ್ಚೆದ್ದು ಚಪ್ಪಾಳೆ ತಟ್ತಾರೆ. ಆಲ್ಫ್ರೆಡ್ ಮನೆಗೆ ಓಡಿ ಬರ್ತಾನೆ, ಮೊದಲ ಪ್ಲಾನ್ ಜಾರಿಗೆ ತರೋಕೆ. ಇಲ್ಲಿಂದ ಸಿನಿಮಾ ಮಾತು ಕಡಿಮೆ ಮಾಡಿ ಶುದ್ಧ ಕೈಕಾಲಿನ ಕಾಮಿಡಿ ಆಗುತ್ತೆ.

ಮೇಲಿರೋ ರೆಕಾರ್ಡಿಂಗ್ ಯಂತ್ರ ತೆಗೆಯೋಕೆ ಬೆತ್ತದ ಕುರ್ಚಿ ಹತ್ತಿದ್ರೆ ಕಾಲು ಬೆತ್ತದೊಳಗೆ ಇಳಿಯುತ್ತೆ. ಫೋನ್ ಬೀಳುತ್ತೆ, ದೀಪ ಬೀಳುತ್ತೆ, ಸೀನು ಬರುತ್ತೆ. ತಲೆಯೊಳಗಿನ ಕಥೆಯಲ್ಲಿ ಒಂದು ಸಾಮಾನೂ ಅಡ್ಡ ಬಂದಿರಲಿಲ್ಲ. ಇಲ್ಲಿ ಪ್ರತಿ ಸಾಮಾನಿಗೂ ತನ್ನದೇ ತೂಕ, ತನ್ನದೇ ಘರ್ಷಣೆ. ಘರ್ಷಣೆ ಇಲ್ಲದ ಮೇಲ್ಮೈ ಅಂತ ಪ್ರಾಬ್ಲಮ್ ಶೀಟಲ್ಲಿ ಬರೆದು ಉತ್ತರ ತೆಗೆದು, ಆಮೇಲೆ ವರ್ಕ್‌ಶಾಪಲ್ಲಿ ಅದೇ ಕೆಲಸ ಮಾಡಿದೋರಿಗೆ ಈ ಸೀನ್ ಚೆನ್ನಾಗಿ ಅರ್ಥ ಆಗುತ್ತೆ.

ರೆಕಾರ್ಡಿಂಗ್ ಯಂತ್ರದ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದು ಟೇಪ್ ಅಲ್ಲ, ಖಾಲಿ ಡಿಸ್ಕ್ ಮೇಲೆ ಗೆರೆ ಕೊರೆದು ಧ್ವನಿ ಹಿಡಿಯೋ ಮನೆ ಯಂತ್ರ. ಎಷ್ಟು ಸುಲಭ ಅಂದ್ರೆ ತಾನೇ ನಡೆಯುತ್ತೆ ಅಂತ ಅದರ ಕೈಪಿಡಿ ಜಂಬ ಕೊಚ್ಚುತ್ತೆ. ಕೈಪಿಡಿಯಲ್ಲಿರೋ ಚಿತ್ರ ನೋಡಿದ್ರೆ ನಮ್ಮ ಸರ್ಕ್ಯೂಟ್ ಡಯಾಗ್ರಾಮೇ ವಾಸಿ. ಆ ಕಾಲದ ಡಿಸ್ಕ್‌ಗಳಲ್ಲಿ ಎರಡು ವೇಗ ಬಳಕೆಯಲ್ಲಿತ್ತು, ನಿಮಿಷಕ್ಕೆ 78 ಸುತ್ತು ಮತ್ತು ಸುಮಾರು 33.3 ಸುತ್ತು. 33.3ರಲ್ಲಿ ರೆಕಾರ್ಡ್ ಮಾಡಿ 78ರಲ್ಲಿ ನುಡಿಸಿದ್ರೆ ಎಲ್ಲವೂ 2.34 ಪಟ್ಟು ವೇಗ. 120 ಹರ್ಟ್ಜ್ ಇರೋ ಗಂಡಸಿನ ಧ್ವನಿ ಸುಮಾರು 281 ಹರ್ಟ್ಜ್ ಆಗುತ್ತೆ, 10 ಸೆಕೆಂಡಿನ ಮಾತು 4.3 ಸೆಕೆಂಡಿಗೆ ಮುಗಿಯುತ್ತೆ. ಹೆಣ್ಣಿನ ಧ್ವನಿಯ ಪಿಚ್‌ಗೆ ಇದು ಸರಿಹೋಗಬಹುದು. ಆದ್ರೆ ಗಂಟಲು-ಬಾಯಿಯ ಆಕಾರದಿಂದ ಬರೋ ಅನುರಣನಗಳೂ ಅಷ್ಟೇ ಪಟ್ಟು ಮೇಲೆ ಹೋಗ್ತವೆ. ಹಾಗಾಗಿ ಕೇಳೋಕೆ ಡ್ಯಾಫ್ನಿ ಥರ ಇರಲ್ಲ, ಕಾರ್ಟೂನ್ ಅಳಿಲಿನ ಥರ ಇರುತ್ತೆ. ಆಲ್ಫ್ರೆಡ್‌ನ ಕಲ್ಪನೆಯಲ್ಲಿ ಭೌತಶಾಸ್ತ್ರಕ್ಕೆ ಪ್ರವೇಶ ಇರಲಿಲ್ಲ, ಅದಕ್ಕೇ ಅಲ್ಲಿ ಕೆಲಸ ಮಾಡ್ತು. ನಿಜವಾದ ಯಂತ್ರ ಅವನ ಮಾತು ಕೇಳಲ್ಲ, ಬೇರೆಯದೇ ವೇಗದಲ್ಲಿ ಓಡುತ್ತೆ.

ಅಷ್ಟರಲ್ಲಿ ಡ್ಯಾಫ್ನಿ ಬರ್ತಾಳೆ. ಮನೆ ಯುದ್ಧಭೂಮಿ ಆಗಿದೆ, ಗಂಡನ ಬೆರಳು ರೇಜರ್‌ನಿಂದ ಕುಯ್ದಿದೆ. ಅವಳು ಗಾಬರಿಯಾಗಿ ಅವನ ಆರೈಕೆಗೆ ನಿಲ್ತಾಳೆ. ಅವನು ಕ್ಷಮೆಯ ಕಥೆ ಪ್ರಯತ್ನ ಮಾಡ್ತಾನೆ, ಚೆಕ್ ಮೇಲೆ ಶಾಯಿ ಚೆಲ್ಲುತ್ತೆ. ರಷ್ಯನ್ ರೂಲೆಟ್ ಬಗ್ಗೆ ಕೇಳಿದ್ರೆ, ಅವಳು ಅದನ್ನ ಯಾವುದೋ ಇಸ್ಪೀಟ್ ಆಟ ಅಂದ್ಕೊಂಡು ಅಪ್ಪನ ಜೊತೆ ಆಡ್ತಿದ್ದೆ ಅನ್ನೋ ಥರ ಉತ್ತರ ಕೊಡ್ತಾಳೆ.

ಆ 38 ನಿಮಿಷದಲ್ಲಿ ಏನಾಯ್ತು?

ಕೊನೆಗೂ ಮಾತು ಹೊರಗೆ ಬರುತ್ತೆ. ಡ್ಯಾಫ್ನಿ ಆ ರಾತ್ರಿ ಟೋನಿಯ ರೂಮಿಗೆ ಹೋಗಿದ್ದು ತನ್ನ ತಂಗಿ ಬಾರ್ಬರಾಳನ್ನ ಹುಡುಕ್ಕೊಂಡು. ಟೋನಿ ಜೊತೆ ಸಂಬಂಧ ಇದ್ದಿದ್ದು ಬಾರ್ಬರಾಗೆ. ಅಂದ್ರೆ ಡಿಟೆಕ್ಟಿವ್ ಇಡಿಸಿದ ಆಗಸ್ಟ್‌ನ ಹೆಂಡತಿಗೇ! ಆದ್ರೆ ಬಾರ್ಬರಾ ಅಲ್ಲಿ ಇರಲಿಲ್ಲ. ಹಾಗಾದ್ರೆ ಡ್ಯಾಫ್ನಿ ತಕ್ಷಣ ವಾಪಸ್ ಬರಬಹುದಿತ್ತಲ್ಲ, 38 ನಿಮಿಷ ಯಾಕೆ? ಯಾಕಂದ್ರೆ ಹೊರಗೆ ಒಬ್ಬ ಡಿಟೆಕ್ಟಿವ್ ಆ ರೂಮನ್ನೇ ನೋಡ್ತಾ ನಿಂತಿದ್ದ. ಅವನನ್ನ ನೋಡಿ ಅವಳು ಹೊರಗೆ ಕಾಲಿಡೋಕೆ ಆಗದೆ ಒಳಗೇ ಸಿಕ್ಕಿಹಾಕ್ಕೊಂಡಳು.

ಈ ಒಂದು ತಿರುವಿಗಾಗಿ ನಾನು ಈ ಲೇಖನ ಬರೀತಿದ್ದೀನಿ. ಇನ್ನೊಂದು ಸಲ ಓದಿ: ಡಿಟೆಕ್ಟಿವ್ ಇರದೇ ಇದ್ದಿದ್ರೆ 38 ನಿಮಿಷವೇ ಇರ್ತಿರಲಿಲ್ಲ. ಕಾವಲು ನಿಂತವನೇ ಸಾಕ್ಷಿ ಹುಟ್ಟಿಸಿದ.

ಬೇಸಿಕ್ ಎಲೆಕ್ಟ್ರಾನಿಕ್ಸ್ ಲ್ಯಾಬಲ್ಲಿ ನಾವು ಇದನ್ನ ನೋಡಿದ್ದೀವಿ. ತಲಾ 100 ಕಿಲೋ ಓಮ್‌ನ ಎರಡು ರೆಸಿಸ್ಟರ್‌ಗಳನ್ನ ಸೀರೀಸಲ್ಲಿ ಹಾಕಿ 10 ವೋಲ್ಟ್ ಕೊಡಿ. ಒಂದರ ಮೇಲೆ 5 ವೋಲ್ಟ್ ಇರಬೇಕು. ಈಗ ಒಳ ಪ್ರತಿರೋಧ 100 ಕಿಲೋ ಓಮ್ ಮಾತ್ರ ಇರೋ ಹಳೇ ವೋಲ್ಟ್‌ಮೀಟರ್‌ನ ಅದಕ್ಕೆ ಅಡ್ಡ ಜೋಡಿಸಿ. ಅದು 3.33 ವೋಲ್ಟ್ ತೋರಿಸುತ್ತೆ. ಮೀಟರ್ ಕೆಟ್ಟಿಲ್ಲ, ಸುಳ್ಳೂ ಹೇಳ್ತಿಲ್ಲ. ಅಲ್ಲಿ ಈಗ ನಿಜವಾಗಲೂ 3.33 ವೋಲ್ಟೇ ಇದೆ. ಆದ್ರೆ ಮೀಟರ್ ಜೋಡಿಸಿದ್ದಕ್ಕೇ ಅದು 3.33 ಆಗಿದ್ದು. ಇದಕ್ಕೆ ಲೋಡಿಂಗ್ ಎಫೆಕ್ಟ್ ಅಂತೀವಿ. ಸ್ವೀನಿಯ ರಿಪೋರ್ಟ್ ಹಾಗೇ. ಒಂದಕ್ಷರ ಸುಳ್ಳಿಲ್ಲ. ಅವಳು ಹೋಗಿದ್ದು ನಿಜ, 38 ನಿಮಿಷ ನಿಜ. ಅಳೆಯೋಕೆ ಹೋಗಿದ್ದರಿಂದಲೇ ಆ ಅಳತೆ ಬಂತು ಅನ್ನೋದು ಮಾತ್ರ ರಿಪೋರ್ಟಲ್ಲಿ ಇಲ್ಲ.

ಇದನ್ನ 1948ರ ನ್ಯೂಯಾರ್ಕ್ ಹೋಟೆಲಲ್ಲೇ ಬಿಟ್ಟುಬಿಡೋಕೆ ಆಗಲ್ಲ, ಯಾಕಂದ್ರೆ ಸ್ವೀನಿ ಈಗ ನಮ್ಮೆಲ್ಲರ ಜೇಬಲ್ಲಿದ್ದಾನೆ. ಲಾಸ್ಟ್ ಸೀನ್, ನೀಲಿ ಟಿಕ್, ಲೈವ್ ಲೊಕೇಶನ್, ಪಾಸ್‌ವರ್ಡ್ ಹಂಚಿಕೊಳ್ಳೋದು. ನಮ್ಮ ವಯಸ್ಸಲ್ಲಿ ಮದುವೆ ಇಲ್ಲ, ಆದ್ರೆ ‘ರಾತ್ರಿ 1:40ಕ್ಕೆ ಆನ್‌ಲೈನ್ ಇದ್ದೆ, ಯಾರ ಜೊತೆ?’ ಅನ್ನೋ ವಿಚಾರಣೆ ಹಾಸ್ಟೆಲ್ ಕಾರಿಡಾರಲ್ಲಿ ಎಷ್ಟು ಸಲ ಕೇಳಿಲ್ಲ? ಲೋಡಿಂಗ್ ಎಫೆಕ್ಟ್ ಇಲ್ಲೂ ಅಷ್ಟೇ. ಫೋನ್ ಚೆಕ್ ಮಾಡ್ತಾರೆ ಅಂತ ಗೊತ್ತಾದ ಹುಡುಗಿ ಕ್ಲಾಸ್‌ಮೇಟ್ ಜೊತೆಗಿನ ಮಾಮೂಲಿ ಚಾಟನ್ನೂ ಡಿಲೀಟ್ ಮಾಡ್ತಾಳೆ, ಯಾಕೆ ಸುಮ್ನೆ ಜಗಳ ಅಂತ. ಆ ಡಿಲೀಟ್ ಆಗಿರೋ ಚಾಟೇ ಆಮೇಲೆ ‘ಮುಚ್ಚಿಡೋಕೆ ಏನೂ ಇರದಿದ್ರೆ ಯಾಕೆ ಡಿಲೀಟ್ ಮಾಡ್ದೆ?’ ಅನ್ನೋ ಸಾಕ್ಷಿ ಆಗುತ್ತೆ. ಕಾವಲು ಹೆಚ್ಚಾದಷ್ಟೂ ಮುಚ್ಚುಮರೆ ಹೆಚ್ಚುತ್ತೆ, ಮುಚ್ಚುಮರೆ ಹೆಚ್ಚಿದಷ್ಟೂ ಕಾವಲು ಹೆಚ್ಚುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದೋರಿಗೆ ಇದರ ಹೆಸರು ಗೊತ್ತು: ಪಾಸಿಟಿವ್ ಫೀಡ್‌ಬ್ಯಾಕ್. ಹೆಸರಲ್ಲಿ ಪಾಸಿಟಿವ್ ಇದ್ರೂ ಸಿಸ್ಟಮ್ ಉಳಿಯಲ್ಲ.

‘ಬೆಂಕಿ ಇಲ್ಲದೆ ಹೊಗೆ ಏಳುತ್ತಾ?’ ಅಂತ ಕೇಳೋರಿಗೆ ಈ ಸಿನಿಮಾ ಕೊಡೋ ಉತ್ತರ: ಬೆಂಕಿ ಇತ್ತು, ಪಕ್ಕದ ಮನೇಲಿತ್ತು. ಹೊಗೆ ಬಂದಿದ್ದು ಮಾತ್ರ ನೀನು ಹಚ್ಚಿದ ಊದುಬತ್ತಿಯಿಂದ.

ನಗೋ ವಿಷಯವಾ ಇದು?

ಈ ಪ್ರಶ್ನೆ ಬರಲೇಬೇಕು. ಹೆಂಡತಿಯ ಕುತ್ತಿಗೆ ಕೊಯ್ಯೋ ಕನಸು ಕಾಣೋ ಗಂಡನನ್ನ ನೋಡಿ ನಗಬೇಕಾ? ನಮ್ಮ ಕನ್ನಡ ಪತ್ರಿಕೆಗಳಲ್ಲಿ ‘ಶೀಲ ಶಂಕಿಸಿ ಪತ್ನಿಯ ಕೊಲೆ’ ಅನ್ನೋ ಹೆಡ್‌ಲೈನ್ ಎಷ್ಟು ಮಾಮೂಲಾಗಿದೆ ಅಂದ್ರೆ ನಾವು ಅದನ್ನ ಓದದೆ ಮುಂದಕ್ಕೆ ಹೋಗ್ತೀವಿ. ಆ ನಾಲ್ಕು ಪದಗಳಲ್ಲಿ ‘ಶಂಕಿಸಿ’ ಅನ್ನೋದನ್ನ ಗಮನಿಸಿ. ಅದು ಕಾರಣ ಅನ್ನೋ ಜಾಗದಲ್ಲಿ ಕೂತಿದೆ, ‘ಜ್ವರ ಬಂದು’ ಅನ್ನೋ ಹಾಗೆ. ಆ ಸುದ್ದಿಗಳಲ್ಲಿ ಕುರ್ಚಿ ಮುರಿಯಲ್ಲ, ಯಂತ್ರ ಕೈ ಕೊಡಲ್ಲ.

ಆಗಿನ ಪ್ರೇಕ್ಷಕರಿಗೂ ನಗೋದು ಸುಲಭ ಇರಲಿಲ್ಲ. ಬಿಡುಗಡೆಗೆ ಕೆಲವು ತಿಂಗಳ ಮುಂಚೆ, 1948ರ ಜುಲೈನಲ್ಲಿ, ನಟಿ ಕ್ಯಾರೊಲ್ ಲ್ಯಾಂಡಿಸ್ ಆತ್ಮಹತ್ಯೆ ಮಾಡ್ಕೊಂಡ್ರು. ರೆಕ್ಸ್ ಹ್ಯಾರಿಸನ್ ಜೊತೆ ಅವರಿಗೆ ಸಂಬಂಧ ಇತ್ತು ಅನ್ನೋದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಯ್ತು. ಸ್ಟುಡಿಯೋ ಬಿಡುಗಡೆಯನ್ನ ಮುಂದಕ್ಕೆ ಹಾಕ್ತು. ಸಿನಿಮಾ ಬಂದಾಗ ದುಡ್ಡು ಮಾಡಲಿಲ್ಲ. ಅದನ್ನ ಸ್ಟರ್ಜಸ್ ಅವರ ಒಳ್ಳೇ ಕೆಲಸಗಳಲ್ಲಿ ಒಂದು ಅಂತ ಜನ ಗುರುತಿಸಿದ್ದು ಬಹಳ ವರ್ಷ ಆದಮೇಲೆ. 1984ರಲ್ಲಿ ಡಡ್ಲಿ ಮೂರ್ ನಟಿಸಿದ ರೀಮೇಕ್ ಕೂಡ ಬಂತು.

ನನ್ನ ಉತ್ತರ: ನಗಬಹುದು, ಯಾಕಂದ್ರೆ ಈ ಸಿನಿಮಾದಲ್ಲಿ ನಗೆಪಾಟಲಾಗೋದು ಡ್ಯಾಫ್ನಿ ಅಲ್ಲ. ನಮ್ಮ ಎಷ್ಟೋ ಕಾಮಿಡಿಗಳಲ್ಲಿ ಸಂಶಯದ ಗಂಡನ ಜೋಕ್ ಕೊನೆಗೆ ಹೆಂಗಸರ ಮೇಲೇ ಬಂದು ಬೀಳುತ್ತೆ. ಇಲ್ಲಿ ಕ್ಯಾಮೆರಾ ಪೂರ್ತಿ ಅನುಮಾನ ಪಡೋನ ತಲೆಯೊಳಗೆ ಕೂತು, ಆ ಘನಗಂಭೀರ ತಲೆ ಎಷ್ಟು ಪೊಳ್ಳು ಅಂತ ತೋರಿಸುತ್ತೆ. ಅವನು ಜಾಣ, ಮಾತಿನ ಮಲ್ಲ, ಕಲಾವಿದ. ಅನುಮಾನ ದಡ್ಡರ ಕಾಯಿಲೆ ಅಂತ ಹೇಳಿ ತಪ್ಪಿಸಿಕೊಳ್ಳೋಕೆ ಸಿನಿಮಾ ಬಿಡಲ್ಲ. ಜಾಣತನ ಹೆಚ್ಚಿದ್ದಷ್ಟೂ ಪ್ಲಾನ್ ಇನ್ನೂ ನಾಜೂಕಾಗಿರುತ್ತೆ, ಅಷ್ಟೇ ವ್ಯತ್ಯಾಸ.

ಆದ್ರೂ ಒಂದು ಕಡೆ ಸಿನಿಮಾ ಸುಲಭದ ದಾರಿ ಹಿಡಿದಿದೆ ಅಂತ ನನಗನ್ಸುತ್ತೆ. ಡ್ಯಾಫ್ನಿ ಪೂರ್ತಿ ನಿರಪರಾಧಿ. 1934ರಿಂದ ಹಾಲಿವುಡ್‌ನಲ್ಲಿ ಕಟ್ಟುನಿಟ್ಟಾಗಿ ಜಾರಿಯಲ್ಲಿದ್ದ ಪ್ರೊಡಕ್ಷನ್ ಕೋಡ್ ವಿವಾಹೇತರ ಸಂಬಂಧವನ್ನ ಒಪ್ಪೋ ಥರ ತೋರಿಸೋಕೆ ಬಿಡ್ತಿರಲಿಲ್ಲ. ನಾಯಕಿ ಕಳಂಕ ಇಲ್ಲದೆ ಹೊರಬಂದ್ರೆ ಎಲ್ಲರಿಗೂ ಕ್ಷೇಮ. ಒಂದು ವೇಳೆ ಸ್ವೀನಿಯ ಊಹೆಯೇ ನಿಜ ಆಗಿದ್ರೆ? ಆಗ ರೇಜರ್ ಸರಿ ಆಗ್ತಿತ್ತಾ? ಖಂಡಿತ ಇಲ್ಲ. ‘ಅವಳು ತಪ್ಪು ಮಾಡಿರಲಿಲ್ಲ ಪಾಪ’ ಅಂತ ನಾವು ಮರುಗಿದ್ರೆ, ತಪ್ಪು ಮಾಡಿದ್ರೆ ಪರವಾಗಿಲ್ಲ ಅನ್ನೋ ಮಾತು ಅದರೊಳಗೆ ಸದ್ದಿಲ್ಲದೆ ಕೂತಿರುತ್ತೆ. ಸಿನಿಮಾ ಈ ಪ್ರಶ್ನೆ ಎತ್ತಲ್ಲ. ನೋಡಿದ ಮೇಲೆ ನಾವು ಎತ್ತಬೇಕು.

ಆಲ್ಫ್ರೆಡ್‌ಗೆ ಗೊತ್ತಿರಬೇಕಾಗಿದ್ದ ಉತ್ತರ ಅವನಿಂದ ಎಷ್ಟು ದೂರ ಇತ್ತು ಹೇಳಿ? ಕಾನ್ಸರ್ಟಿಗೆ ಮುಂಚೆ ಡ್ಯಾಫ್ನಿ ಅವನ ಪಕ್ಕದಲ್ಲೇ ಇದ್ದಳು. ಒಂದು ಪ್ರಶ್ನೆ, ಎರಡು ನಿಮಿಷದ ಉತ್ತರ. ಉತ್ತರ ಇಷ್ಟ ಆಗದೇ ಇದ್ರೂ ಅದು ಅವಳ ಬಾಯಿಂದ ಬಂದ ಉತ್ತರ ಆಗಿರ್ತಿತ್ತು, ರೊಸ್ಸಿನಿಯಿಂದ ಬಂದಿದ್ದಲ್ಲ. ನ್ಯಾಯಶಾಸ್ತ್ರದೋರು ಜ್ಞಾನಕ್ಕೆ ನಾಲ್ಕು ದಾರಿ ಹೇಳಿದ್ರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದ ಅಂದ್ರೆ ನಂಬಿಕೆಗೆ ಯೋಗ್ಯರಾದವರ ಮಾತು. ನಂಬಬೇಕಾದವರ ಮಾತು ಕೇಳೋ ಮುಂಚೆ ಅನುಮಾನ ಒಂದನ್ನೇ ಹಿಡ್ಕೊಂಡು ಓಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಆ ಬೆತ್ತದ ಕುರ್ಚಿಯೇ ಸಾಕ್ಷಿ.

ಸಿನಿಮಾ 105 ನಿಮಿಷ ಇದೆ. ಮೊದಲ ಅರ್ಧ ಗಂಟೆ ಮಾತು ಜಾಸ್ತಿ, ಸಬ್‌ಟೈಟಲ್ ಹಾಕ್ಕೊಳ್ಳಿ, ರೆಕ್ಸ್ ಹ್ಯಾರಿಸನ್ ಬಹಳ ಬೇಗ ಮಾತಾಡ್ತಾರೆ. ಕಾನ್ಸರ್ಟ್ ಶುರುವಾದಾಗ ಇಯರ್‌ಫೋನ್ ಹಾಕಿ ಕೇಳಿ. ಮತ್ತೆ, ಕ್ಯಾಮೆರಾ ಮೂರನೇ ಸಲ ಆ ಕಣ್ಣಿನೊಳಗೆ ಇಳಿಯುವಾಗ, ಸಭಾಂಗಣದಲ್ಲಿ ಕೂತು ಗಂಡನ ಸಂಗೀತ ಕೇಳ್ತಾ ಹೆಮ್ಮೆಪಡ್ತಿರೋ ಡ್ಯಾಫ್ನಿಯನ್ನ ಮರೀಬೇಡಿ. ಅಷ್ಟು ಹೊತ್ತಿಗೆ ಅವಳು ಒಂದು ಸಲ ಸತ್ತು ಒಂದು ಸಲ ಕ್ಷಮಿಸಲ್ಪಟ್ಟಾಗಿದೆ, ಅವಳಿಗೆ ಏನೇನೂ ಗೊತ್ತಿಲ್ಲ.